ಕೋಲಾರದ ಗಣಿ, ಆಕಾಶದ ಗಣಿ

ಬೆಂಗಳೂರಿನ ಬೀದಿಯಲ್ಲಿ ಮೊದಲ ಬಾರಿಗೆ ವಿದ್ಯುತ್ ದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ಚಾಮರಾಜಪೇಟೆಗೆ ಆಗ ಹದಿಮೂರು ವರ್ಷ. ಪ್ಲೇಗಿನ ವರ್ಷವಾದ 1898ರಲ್ಲಿ ಹುಟ್ಟಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇನ್ನೂ ಮನೆಗಿಂತ ಬಯಲೇ ಹೆಚ್ಚು. ಏಷ್ಯಾದಲ್ಲೇ ಮೊದಲ ಬೀದಿ ದೀಪ ನಮ್ಮದು ಎಂಬ ಹೆಮ್ಮೆಯ ಮಾತು ಈಗಲೂ ಆಗಾಗ ಕೇಳಿಬರುತ್ತದೆ. ಆ ವಾದ ಇಲ್ಲಿ ಬೇಡ. ಆದರೆ ಆ ಬೆಳಕಿನ ಹಿಂದಿನ ಒಂದು ಸಂಗತಿ ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು ಬೆಂಗಳೂರಿಗಾಗಿ ಅಲ್ಲ, ಅರಮನೆಯ ಮೈಸೂರಿಗಾಗಿಯೂ ಅಲ್ಲ. ಅದು 92 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗಳಿಗಾಗಿ. ಅಷ್ಟು ದೂರ ತಂತಿ ಎಳೆದು ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತಿನ ಎಂಜಿನಿಯರುಗಳೇ ಬೆರಗಾಗಿ ನೋಡಿದ ಸಾಹಸ. ಗಣಿಯ ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದು ಊರಿಗೆ ಬಂತು.

ನೆಲದಿಂದ ಲೋಹ ತೆಗೆಯುವುದೆಂದರೆ ಹೀಗೆ. ನದಿ, ತಂತಿ, ರೈಲು, ಬಂಡವಾಳ, ಸಾವಿರಾರು ಜನರ ಮೈಬೆವರು ಎಲ್ಲವೂ ಒಂದು ಕಡೆ ಕೂಡಬೇಕು. ಈಗ ಇದನ್ನೆಲ್ಲ ಆಕಾಶದಲ್ಲಿ ಮಾಡುವ ಮಾತು ನಡೆದಿದೆ. ಮುಖ್ಯವಾಗಿ ಮಂಗಳ ಮತ್ತು ಗುರು ಗ್ರಹಗಳ ನಡುವೆ, ಕೆಲವು ಭೂಮಿಗೆ ಹತ್ತಿರದಲ್ಲೂ, ಸೂರ್ಯನನ್ನು ಸುತ್ತುತ್ತಿರುವ ಲಕ್ಷಾಂತರ ಬಂಡೆಗಳಿಗೆ ಕ್ಷುದ್ರಗ್ರಹಗಳೆಂದು ಹೆಸರು. ಅವುಗಳಲ್ಲಿ ಕೆಲವು ಕಬ್ಬಿಣ, ನಿಕ್ಕಲ್‌ಗಳ ಗಟ್ಟಿ. ಒಂದನ್ನು ಹಿಡಿದು ತಂದರೆ, ಇಲ್ಲವೇ ಇದ್ದಲ್ಲೇ ಅಗೆದರೆ, ಭೂಮಿಯ ಲೋಹದ ಬರ ತೀರುತ್ತದೆ ಎಂಬುದು ವಾದ. 1852ರಲ್ಲಿ ನೇಪಲ್ಸ್‌ನಿಂದ ಕಂಡುಹಿಡಿಯಲಾದ ಸೈಕಿ ಎಂಬ ಕ್ಷುದ್ರಗ್ರಹದ ಲೋಹಕ್ಕೆ ಇಂದಿನ ಬೆಲೆ ಕಟ್ಟಿದರೆ 1ರ ಮುಂದೆ 19 ಸೊನ್ನೆ ಇಡುವಷ್ಟು ಡಾಲರ್ ಎಂಬ ಲೆಕ್ಕವೂ ಪತ್ರಿಕೆಗಳಲ್ಲಿ ಬಂತು. ಅಮೆರಿಕದ ನಾಸಾ 2023ರ ಅಕ್ಟೋಬರಿನಲ್ಲಿ ಅತ್ತ ಒಂದು ನೌಕೆಯನ್ನು ಕಳಿಸಿದೆ. ಅದು 2029ರಲ್ಲಿ ತಲುಪಬೇಕು. ಅದು ಹೋಗಿರುವುದು ನೋಡಲು, ಅಗೆಯಲು ಅಲ್ಲ. ಸೈಕಿಯ ಸಾಂದ್ರತೆಯನ್ನು ಮತ್ತೆ ಅಳೆದ ವಿಜ್ಞಾನಿಗಳು ಅದು ಶುದ್ಧ ಲೋಹದ ಗುಂಡಲ್ಲ, ಕಲ್ಲೂ ಬೆರೆತಿದೆ ಎನ್ನುತ್ತಿದ್ದಾರೆ. ಆ ಸೊನ್ನೆಗಳಲ್ಲಿ ಒಂದಿಷ್ಟು ಈಗಾಗಲೇ ಉದುರಿದವು ಎಂದರೂ ಆದೀತು.

ಒಂದು ಗಣಿ ಗಿಟ್ಟುತ್ತದೆಯೋ ಇಲ್ಲವೋ ಎಂಬ ಲೆಕ್ಕವನ್ನು ಹುಟ್ಟಿನಿಂದ ಸಾವಿನವರೆಗೆ ಪೂರ್ತಿ ಬರೆದಿಟ್ಟ ಪುಸ್ತಕ ಕರ್ನಾಟಕದಲ್ಲೇ ಇದೆ. ಅದು ಕೋಲಾರದ್ದು. ಆಕಾಶದ ಗಣಿಯನ್ನು ಆ ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕು.

ವಾರೆನ್ ಎಂಬ ಲೆಫ್ಟಿನೆಂಟ್

ಈ ಎರಡು ಕಥೆಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆರಂಭವಾಗುತ್ತವೆ. 1801ರ ಜನವರಿ 1ರ ರಾತ್ರಿ ಇಟಲಿಯ ಪಲೆರ್ಮೊದಲ್ಲಿ ಪಿಯಾಜಿ ಎಂಬ ಪಾದ್ರಿ ಸೆರೆಸ್ ಎಂಬ ಮೊದಲ ಕ್ಷುದ್ರಗ್ರಹವನ್ನು ಕಂಡ. ಮರುವರ್ಷ, ಅಂದರೆ 1802ರಲ್ಲಿ, ಟಿಪ್ಪು ಸುಲ್ತಾನನ ಪತನದ ನಂತರದ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಜಾನ್ ವಾರೆನ್ ಎಂಬ ಸೇನಾಧಿಕಾರಿಗೆ ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ತಿಳಿಯಿತು. ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಹಳ್ಳಿಗರು ಮಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಅವನೆದುರಿಗೇ ತೊಳೆದು ಚಿನ್ನದ ಹುಡಿ ತೋರಿಸಿದರು. ಮಾರಿಕುಪ್ಪಂ ಬಳಿ ಜನ ತಲೆತಲಾಂತರದಿಂದ ಗುಂಡಿ ತೋಡಿ ಅದಿರು ತೆಗೆಯುತ್ತಿದ್ದುದನ್ನೂ ಅವನು ಕಂಡ. ಅವನ ವರದಿ 1804ರಲ್ಲಿ ಅಚ್ಚಾಯಿತು.

ಹುಟ್ಟಿನಿಂದ ಫ್ರೆಂಚನಾದ ಈ ವಾರೆನ್ ಮುಂದೆ 1805ರಿಂದ ಕೆಲವು ವರ್ಷ ಮದರಾಸಿನ ವೀಕ್ಷಣಾಲಯದ ಹಂಗಾಮಿ ಮುಖ್ಯಸ್ಥನಾಗಿದ್ದ. ದಕ್ಷಿಣದವರ ಪಂಚಾಂಗದ ಗಣಿತವನ್ನು ಕುರಿತು ‘ಕಾಲಸಂಕಲಿತ’ ಎಂಬ ದೊಡ್ಡ ಗ್ರಂಥವನ್ನೂ ಬರೆದ. ಕೋಲಾರದ ಚಿನ್ನವನ್ನು ಇಂಗ್ಲಿಷರ ಗಮನಕ್ಕೆ ತಂದವನೇ ನಕ್ಷತ್ರ ನೋಡುವ ಕೆಲಸಕ್ಕೂ ಕುಳಿತನೆಂಬುದು ಇತಿಹಾಸದ ಒಂದು ಸೊಗಸು. ಅದೇ ಮದರಾಸು ವೀಕ್ಷಣಾಲಯದಿಂದ 1861ರ ಏಪ್ರಿಲ್ 17ರಂದು ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡ. ಈ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಿಟ್ಟರು. ವೀಕ್ಷಣಾಲಯದ ಖಗೋಳ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಹೋಯಿತು. 1971ರಲ್ಲಿ ಅದು ಭಾರತೀಯ ಖಭೌತ ಸಂಸ್ಥೆಯಾಗಿ, ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಕೋರಮಂಗಲಕ್ಕೆ ಬಂದು ನೆಲೆಸಿತು. ಈ ಸಂಸ್ಥೆಯ ಕಾವಲೂರು ದೂರದರ್ಶಕದಿಂದ ಆರ್. ರಾಜಮೋಹನ್ 1988ರ ಫೆಬ್ರುವರಿ 17ರಂದು ಕಂಡ ಕ್ಷುದ್ರಗ್ರಹಕ್ಕೆ ‘ರಾಮಾನುಜನ್’ ಎಂದು ಹೆಸರಾಯಿತು. ಪಾಗ್ಸನ್ ತನ್ನ ಕೊನೆಯದನ್ನು ಕಂಡದ್ದು 1885ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷ ಭಾರತದಿಂದ ಒಂದೂ ಇಲ್ಲ.

ಕಾಣುವುದು ಬೇರೆ, ಅಗೆಯುವುದು ಬೇರೆ. ವಾರೆನ್ ವರದಿ ಅಚ್ಚಾದ ಮೇಲೆ ಸುಮಾರು ಎಪ್ಪತ್ತು ವರ್ಷ ಕೋಲಾರದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನ್ಯೂಜಿಲೆಂಡಿನಲ್ಲಿ ಕಾದಾಡಿ, ಅಲ್ಲಿಯ ಚಿನ್ನದ ಗಣಿಗಳ ಸುದ್ದಿ ತಲೆಯಲ್ಲಿ ತುಂಬಿಕೊಂಡು ಬಂದು ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಸಿದ ಐರಿಷ್ ಸೈನಿಕ ಮೈಕೇಲ್ ಲವೆಲ್ ಆ ಹಳೆಯ ವರದಿಯನ್ನು ಓದಿ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೊರಟ. 1875ರಲ್ಲಿ ಗಣಿಗಾರಿಕೆಯ ಪರವಾನಗಿಯೂ ಸಿಕ್ಕಿತು. ಹಣವಿರಲಿಲ್ಲ. ಎರಡು ವರ್ಷದಲ್ಲೇ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟ. ಲವೆಲ್ ರಸ್ತೆಯಲ್ಲಿ ಇಂದು ಓಡಾಡುವವರಿಗೆ ಅವನ ಹೆಸರು ಗೊತ್ತು, ಗಾಡಿ ಗೊತ್ತಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಆ ಮೇಲೂ ಮೊದಲ ವರ್ಷಗಳಲ್ಲಿ ಬಂಡವಾಳ ಕರಗುತ್ತ ಹೋಯಿತು, ಷೇರುದಾರರು ಮುಚ್ಚೋಣವೆಂದರು. ಕ್ಯಾಪ್ಟನ್ ಪ್ಲಮರ್ ಎಂಬಾತ ಉಳಿದ ಹಣದಲ್ಲಿ ಹಳೆಯ ಕಾಲದವರ ಗುಂಡಿಗಳಿಗಿಂತ ಆಳಕ್ಕೆ ಇಳಿದಾಗ ಸಿಕ್ಕಿದ್ದೇ ಚಾಂಪಿಯನ್ ರೀಫ್ ಎಂದು ಹೆಸರಾದ ಚಿನ್ನದ ಪಟ್ಟೆ. ಹಿಂದಿನವರು ನೀರು, ಗಾಳಿಗಳ ತೊಡಕಿನಿಂದ ಕೈಬಿಟ್ಟ ಜಾಗ ಅದು.

ಆಕಾಶದ ಗಣಿಗಾರಿಕೆಗೂ ಒಬ್ಬಿಬ್ಬರು ಲವೆಲ್‌ಗಳು ಬಂದುಹೋದರು. ಅಮೆರಿಕದಲ್ಲಿ 2012ರಲ್ಲಿ ಭಾರಿ ಪ್ರಚಾರದೊಂದಿಗೆ ಹೊರಬಿದ್ದ ಪ್ಲಾನೆಟರಿ ರಿಸೋರ್ಸಸ್ ಕಂಪನಿ ಹಣ ಸಾಲದೆ 2018ರಲ್ಲಿ ಬೇರೊಬ್ಬರ ಪಾಲಾಯಿತು. 2013ರಲ್ಲಿ ಬಂದ ಡೀಪ್ ಸ್ಪೇಸ್ ಇಂಡಸ್ಟ್ರೀಸ್ ಗತಿಯೂ ಅದೇ. 2025ರಲ್ಲಿ ಆಸ್ಟ್ರೋಫೋರ್ಜ್ ಎಂಬ ಇನ್ನೊಂದು ಕಂಪನಿ ಕ್ಷುದ್ರಗ್ರಹದ ಕಡೆ ಹಾರಿಸಿದ ಪುಟ್ಟ ನೌಕೆಯೊಡನೆ ಸಂಪರ್ಕವೇ ಕಡಿದುಹೋಯಿತು.

ಟನ್ನಿಗೆ ಎಷ್ಟು ಗ್ರಾಂ?

ಗಣಿಯ ಹಣೆಬರಹ ಬರೆಯುವುದು ಒಂದು ಟನ್ ಅದಿರಿನಲ್ಲಿ ಎಷ್ಟು ಗ್ರಾಂ ಲೋಹ ಎಂಬ ಸಂಖ್ಯೆ. ಕೋಲಾರದ ಏಳಿಗೆಯ ಕಾಲದಲ್ಲಿ ಅದು ನಲವತ್ತು ದಾಟಿತ್ತು. ಕೊನೆಗಾಲಕ್ಕೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. ಸುಮಾರು 120 ವರ್ಷದಲ್ಲಿ ಹೆಚ್ಚುಕಡಿಮೆ 800 ಟನ್ ಚಿನ್ನ ಕೊಟ್ಟ ಗಣಿ ಅದು.

ಕಬ್ಬಿಣದ ಕ್ಷುದ್ರಗ್ರಹದಲ್ಲಿ ಚಿನ್ನ ಎಷ್ಟು? ಇದನ್ನು ಊಹಿಸಬೇಕಾಗಿಲ್ಲ; ಅವುಗಳ ಚೂರುಗಳು ಉಲ್ಕಾಶಿಲೆಗಳಾಗಿ ಭೂಮಿಗೆ ಬೀಳುತ್ತಲೇ ಇವೆ. 1621ರಲ್ಲಿ ಜಲಂಧರದ ಬಳಿ ಬಿದ್ದ ಕಬ್ಬಿಣದಿಂದ ಜಹಾಂಗೀರ್ ಬಾದಶಹ ಕತ್ತಿ, ಚಾಕುಗಳನ್ನು ಮಾಡಿಸಿಕೊಂಡಿದ್ದ. 1865ರಲ್ಲಿ ನಮ್ಮ ಮದ್ದೂರಿನ ಬಳಿ, ಮರುವರ್ಷ ಉಡುಪಿಯ ಬಳಿ ಬಿದ್ದವು ಕಲ್ಲಿನ ಜಾತಿಯವು, ಒಳಗೆ ಕಬ್ಬಿಣದ ಕಾಳುಗಳಿದ್ದವು. ಇಂಥ ಚೂರುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ತಿಳಿದ ಉತ್ತರ ಅಕ್ಕಸಾಲಿಗರಿಗೆ ನಿರಾಸೆ ತರುವಂಥದ್ದು. ಕಬ್ಬಿಣದ ಉಲ್ಕಾಶಿಲೆಯಲ್ಲಿ ಚಿನ್ನ ಟನ್ನಿಗೆ ಸಾಮಾನ್ಯವಾಗಿ ಒಂದು ಗ್ರಾಂ ಸುಮಾರು. ಅಂದರೆ ಗಿಟ್ಟುವುದಿಲ್ಲವೆಂದು ಮುಚ್ಚಿದ ಕೋಲಾರದ ಅದಿರಿಗಿಂತಲೂ ಬಡವು.

ಪ್ಲಾಟಿನಂ ವಿಷಯ ಸ್ವಲ್ಪ ಬೇರೆ. ಅದು ಟನ್ನಿಗೆ ಹತ್ತು, ಕೆಲವೊಮ್ಮೆ ಇಪ್ಪತ್ತು ಗ್ರಾಂವರೆಗೂ ಇರುತ್ತದೆ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಪ್ಲಾಟಿನಂ ಜಾತಿಯ ಲೋಹಗಳೆಲ್ಲ ಸೇರಿ ನಾಲ್ಕಾರು ಗ್ರಾಂ. ಆದ್ದರಿಂದಲೇ ಆಕಾಶದ ಗಣಿಗಾರರ ಬಾಯಲ್ಲಿ ಚಿನ್ನಕ್ಕಿಂತ ಪ್ಲಾಟಿನಂ ಹೆಚ್ಚು. ಆದರೂ ಎಷ್ಟು ಪಟ್ಟು? ಎರಡೋ ನಾಲ್ಕೋ. ಕೋಟಿ ಪಟ್ಟಲ್ಲ.

ಇದಕ್ಕೆ ಕಾರಣ ಭೂವಿಜ್ಞಾನದಲ್ಲಿದೆ. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಕೂರುವ ಬಸವನಗುಡಿಯವರು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಕುಳಿತಿರುತ್ತಾರೆ. ಕೋಲಾರದ ಶಿಲಾಪಟ್ಟಿಗೆ ಸುಮಾರು 270 ಕೋಟಿ ವರ್ಷ. ಭೂಮಿ ಕರಗಿದ ಮುದ್ದೆಯಾಗಿದ್ದಾಗ ಚಿನ್ನ, ಪ್ಲಾಟಿನಂಗಳು ಕಬ್ಬಿಣದ ಜೊತೆ ಸೇರಿ ನಡುಗರ್ಭಕ್ಕೆ ಇಳಿದುಹೋದವು. ಈಗ ಮೇಲ್ಭಾಗದಲ್ಲಿ ಸಿಗುವುದರ ಬಹುಪಾಲು ಆ ನಂತರ ಬಂದಪ್ಪಳಿಸಿದ ಉಲ್ಕೆಗಳು ತಂದದ್ದು ಎಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಅದು ನಿಜವಾದರೆ ಕೋಲಾರದ ಚಿನ್ನವೂ ಮೂಲದಲ್ಲಿ ಆಕಾಶದ್ದೇ. ಆದರೆ ಬಂದದ್ದು ಬಂದಂತೆಯೇ ಉಳಿಯಲಿಲ್ಲ. ನೆಲದಾಳದ ಕುದಿನೀರು ಕಲ್ಲಿನಲ್ಲೆಲ್ಲ ಚದುರಿದ್ದ ಚಿನ್ನವನ್ನು ಕರಗಿಸಿಕೊಂಡು ಬಂದು ಬಿರುಕುಗಳಲ್ಲಿ ಬೆಣಚುಕಲ್ಲಿನೊಡನೆ ಪಟ್ಟೆಯಾಗಿ ಕೂಡಿಟ್ಟಿತು. ಗಣಿಗಾರ ಆ ಪಟ್ಟೆಯನ್ನು ಹಿಡಿದು ಹೋದರಾಯಿತು. ಅರ್ಧ ಕೆಲಸವನ್ನು ಭೂಮಿ ಮಾಡಿಟ್ಟಿತ್ತು. ಲೋಹದ ಕ್ಷುದ್ರಗ್ರಹದಲ್ಲಿ ಈ ಕೆಲಸ ನಡೆದಿಲ್ಲ. ಪ್ಲಾಟಿನಂ ಅಲ್ಲಿ ಪಟ್ಟೆಯಾಗಿಲ್ಲ, ಕಬ್ಬಿಣದ ಕಣಕಣದಲ್ಲೂ ಬೆರೆತಿದೆ. ಇಡೀ ಗಟ್ಟಿಯನ್ನೇ ಬಿಡಿಸಬೇಕು.

ಭಾರತದ ಚಿನ್ನವನ್ನು ಕುರಿತು ಅಧಿಕಾರದಿಂದ ಬರೆದ ಡಾ. ಬಿ.ಪಿ. ರಾಧಾಕೃಷ್ಣ (1918-2012) ಇದೇ ಸುತ್ತಿನವರು ಎನ್ನಬಹುದು. ಅವರು ದಶಕಗಳ ಕಾಲ ಕಟ್ಟಿ ಬೆಳೆಸಿದ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಕಚೇರಿ ಗವಿಪುರದಲ್ಲಿದೆ. ಕೋಲಾರದ ಕಲ್ಲಿನ ಬಗ್ಗೆ ಜಗತ್ತಿನ ಯಾವ ಮೂಲೆಯವರು ಓದಬೇಕಾದರೂ ಗವಿ ಗಂಗಾಧರೇಶ್ವರನ ಈ ನೆರೆಹೊರೆಯಿಂದ ಹೊರಟ ಪುಟಗಳನ್ನು ತಿರುವಬೇಕು.

ಆಳ ಮತ್ತು ದೂರ

ಕೋಲಾರ ಸತ್ತದ್ದು ಚಿನ್ನ ಮುಗಿದು ಅಲ್ಲ. ಆಳದಿಂದ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಅಷ್ಟು ಆಳದಲ್ಲಿ ಕಲ್ಲಿನ ಶಾಖ 60 ಡಿಗ್ರಿ ದಾಟುತ್ತದೆ. ತಂಪುಗಾಳಿ ಕೆಳಗೆ ನೂಕಬೇಕು, ನೀರು ಮೇಲೆ ಎತ್ತಬೇಕು, ಜನರನ್ನು ಇಳಿಸಿ ಹತ್ತಿಸಬೇಕು. ಮೇಲಿನ ಭಾರಕ್ಕೆ ಬಂಡೆ ಬಾಂಬಿನಂತೆ ಸಿಡಿಯುತ್ತಿತ್ತು. ಅದಕ್ಕೆ ಬಲಿಯಾದವರ, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿ ಹೋದವರ ಲೆಕ್ಕ ಚಿನ್ನದ ಲೆಕ್ಕದಷ್ಟು ಚೊಕ್ಕವಾಗಿ ಉಳಿದಿಲ್ಲ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. ಕೊನೆಯ ವರ್ಷಗಳಲ್ಲಿ ಒಂದು ಗ್ರಾಂ ಚಿನ್ನ ತೆಗೆಯುವ ಖರ್ಚು ಪೇಟೆ ಬೆಲೆಯನ್ನು ಎಷ್ಟೋ ಮೀರಿತ್ತು. 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಪಂಪು ನಿಂತಿತು, ಸುರಂಗಗಳಲ್ಲಿ ನೀರು ತುಂಬಿತು. ಗಣಿಯ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಬರತೊಡಗಿದರು. ಬೀಗ ಬಿದ್ದಾಗ ಹತ್ತು ಗ್ರಾಂಗೆ ಐದು ಸಾವಿರ ರೂಪಾಯಿಯೂ ಇಲ್ಲದ ಚಿನ್ನ 2025ರಲ್ಲಿ ಲಕ್ಷ ದಾಟಿದ್ದು ಅವರ ಪಾಲಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಆಳಕ್ಕೆ ಇಳಿದದ್ದರಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ, ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಇಲ್ಲಿಯ ಸುರಂಗದಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತನ್ನು ಹಿಡಿದರು. ಜಗತ್ತಿನ ಮೊದಲ ಇಂಥ ಶೋಧಗಳಲ್ಲಿ ಅದೊಂದು. ಆಕಾಶವನ್ನು ನೋಡಲು ಪಾತಾಳಕ್ಕೆ ಇಳಿದ ಸಂದರ್ಭ.

ಕೋಲಾರಕ್ಕೆ ಆಳ ಹೇಗೋ ಕ್ಷುದ್ರಗ್ರಹಕ್ಕೆ ದೂರ ಹಾಗೆ. ನಾಸಾದ ಒಂದು ನೌಕೆ 2016ರಲ್ಲಿ ಹೊರಟು, ಬೆನ್ನು ಎಂಬ ಕ್ಷುದ್ರಗ್ರಹದಿಂದ ಚೂರು ಕೆದಕಿಕೊಂಡು 2023ರ ಸೆಪ್ಟೆಂಬರಿನಲ್ಲಿ ಮರಳಿ ಕಳಿಸಿತು. ಬಂದದ್ದು 121.6 ಗ್ರಾಂ. ಖರ್ಚು ನೂರು ಕೋಟಿ ಡಾಲರಿಗೂ ಮಿಗಿಲು. ಗ್ರಾಂಗೆ 80 ಲಕ್ಷ ಡಾಲರಿಗಿಂತ ಹೆಚ್ಚಾಯಿತು. ಅದಕ್ಕೂ ಮುಂಚೆ 2020ರಲ್ಲಿ ಜಪಾನಿನ ಹಯಬುಸಾ-2 ತಂದದ್ದು 5.4 ಗ್ರಾಂ. ಇವು ವಿಜ್ಞಾನದ ಯಾತ್ರೆಗಳು, ವ್ಯಾಪಾರದ್ದಲ್ಲ ಎಂಬುದನ್ನು ಒಪ್ಪೋಣ. ಆದರೂ ಕಲಿತ ಪಾಠ ಉಂಟು. ಬೆನ್ನುವಿನ ಮೇಲೆ ನೌಕೆಯ ತೋಳು ತಾಕಿದಾಗ ಅದು ಗಟ್ಟಿ ಬಂಡೆಯಾಗಿರಲಿಲ್ಲ, ಸಡಿಲ ಜಲ್ಲಿ ರಾಶಿಯಂತೆ ಒಳಕ್ಕೆ ಸರಿಯಿತು. ಅಲ್ಲಿ ಗುರುತ್ವವೇ ಇಲ್ಲವೆನ್ನುವಷ್ಟು ಕಡಿಮೆ. ಗುದ್ದಲಿ ಎತ್ತಿ ಹೊಡೆದರೆ ಹೊಡೆದವನೇ ಹಾರಿಹೋಗಬೇಕು. ಕೋಲಾರದಲ್ಲಿ ಅದಿರನ್ನು ಕುಟ್ಟಿ, ಹಿಟ್ಟು ಮಾಡಿ, ನೀರಿನಲ್ಲಿ ಕಲಸಿ, ಸಯನೈಡಿನಿಂದ ಚಿನ್ನ ಬಿಡಿಸುತ್ತಿದ್ದರು. ಕುಟ್ಟಲು ಭಾರ ಬೇಕು, ಕಲಸಲು ನೀರು ಬೇಕು, ತಿಳಿಯಾಗಲು ಕೆಸರು ತಳಕ್ಕೆ ಕೂರಬೇಕು. ಇವ್ಯಾವುದೂ ಅಲ್ಲಿ ನಡೆಯುವಂತಿಲ್ಲ.

ಹಾಗಾದರೆ ಬಂಡೆಯನ್ನೇ ಹಿಡಿದು ತಂದರೆ? ಅಮೆರಿಕದ ಕೆಕ್ ಸಂಸ್ಥೆಯ ತಂಡ 2012ರಲ್ಲಿ ಇದನ್ನು ಗಂಭೀರವಾಗಿ ಲೆಕ್ಕ ಹಾಕಿತು. ಸುಮಾರು 7 ಮೀಟರ್ ಅಡ್ಡಳತೆಯ, 500 ಟನ್ ತೂಕದ ಬಂಡೆಯನ್ನು ದೊಡ್ಡ ಚೀಲದಲ್ಲಿ ಕಟ್ಟಿ, ವಿದ್ಯುತ್ ಎಂಜಿನ್ನಿನಿಂದ ವರ್ಷಗಟ್ಟಲೆ ಮೆಲ್ಲಗೆ ದೂಡಿ ಚಂದ್ರನ ಬಳಿಗೆ ತರಬಹುದು. ಖರ್ಚು ಸುಮಾರು 260 ಕೋಟಿ ಡಾಲರ್ ಎಂದರು. ತಂತ್ರದ ದೃಷ್ಟಿಯಿಂದ ಅಸಾಧ್ಯವಲ್ಲ ಎಂಬ ತೀರ್ಮಾನ ಸಣ್ಣದಲ್ಲ. ಅವರ ಮನಸ್ಸಿನಲ್ಲಿದ್ದದ್ದು ನೀರಿನ ಅಂಶವಿರುವ ಬಂಡೆ. ಅದೇ ತೂಕದ ಲೋಹದ ಗಟ್ಟಿ ಸಿಕ್ಕಿತೆಂದೇ ಇಟ್ಟುಕೊಂಡರೂ, ಟನ್ನಿಗೆ 20 ಗ್ರಾಂನಂತೆ ಅದರಲ್ಲಿ ಸಿಗುವ ಪ್ಲಾಟಿನಂ ಒಟ್ಟು 10 ಕಿಲೋ. ಅದರ ಬೆಲೆ ಕೆಲವು ಲಕ್ಷ ಡಾಲರ್. ನಾಸಾ ಈ ಯೋಚನೆಯನ್ನು 2013ರಲ್ಲಿ ಕೈಗೆತ್ತಿಕೊಂಡು, ನಂತರ ಕುಗ್ಗಿಸಿ, 2017ರಲ್ಲಿ ಕೈಬಿಟ್ಟಿತು.

ಅವರು ನೀರಿನ ಬಂಡೆಯನ್ನೇ ಬಯಸಿದ್ದೇಕೆ ಎಂಬುದು ಬೆಂಗಳೂರಿಗರಿಗೆ ಬೇಗ ಅರ್ಥವಾದೀತು. 1974ರಿಂದ ಈ ಊರಿಗೆ ಕಾವೇರಿ ನೀರು ಬರುತ್ತಿದೆ. ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ. ಹೊಳೆಯಲ್ಲಿ ಬಿಟ್ಟಿ ಸಿಗುವ ನೀರಿಗೆ ಚಾಮರಾಜಪೇಟೆಯ ನಲ್ಲಿಯಲ್ಲಿ ಬೆಲೆ ಬರುವುದು ಅದನ್ನು ಎತ್ತಿ ತಂದ ವಿದ್ಯುತ್ತಿನಿಂದ. ಭೂಮಿಯಿಂದ ಅಂತರಿಕ್ಷಕ್ಕೆ ಒಂದು ಕೊಡ ನೀರು ಒಯ್ಯಬೇಕಾದರೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗಕ್ಕೆ ಎತ್ತಬೇಕು. ಆದ್ದರಿಂದ ಮೇಲೆ ಇರುವವರಿಗೆ ಮೇಲೆಯೇ ಸಿಕ್ಕ ನೀರು ಚಿನ್ನಕ್ಕಿಂತ ಪ್ರಿಯ. ಕುಡಿಯಲೂ ಬೇಕು, ಒಡೆದರೆ ಇಂಧನವೂ ಆಗುತ್ತದೆ. ಆಕಾಶದ ಗಣಿ ಎಂದಾದರೂ ಗಿಟ್ಟಿದರೆ ಮೊದಲು ಗಿಟ್ಟುವುದು ಅಲ್ಲೇ ತೆಗೆದು ಅಲ್ಲೇ ಬಳಸುವ ನೀರು. ನಗರ್ತಪೇಟೆಯ ಅಂಗಡಿಗೆ ಬರುವ ಲೋಹವಲ್ಲ.

ವಸ್ತು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ ಎಂಬುದಕ್ಕೆ ಕೋಲಾರದಲ್ಲೇ ಇನ್ನೊಂದು ಸಾಕ್ಷಿ ಇದೆ. ಚಿನ್ನ ತೆಗೆದು ಸುರಿದ ಪುಡಿಯ 13 ಗುಡ್ಡಗಳು ಊರಿನ ಸುತ್ತ ನಿಂತಿವೆ. ಜನ ಅವನ್ನು ಸೈನೈಡ್ ಗುಡ್ಡವೆನ್ನುತ್ತಾರೆ. ಒಟ್ಟು ಸುಮಾರು 3.3 ಕೋಟಿ ಟನ್. ಚಿನ್ನ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ. ಆದರೆ ಅದು ಆಗಲೇ ಕುಟ್ಟಿದ ಪುಡಿ, ನೆಲದ ಮೇಲೆಯೇ ಇದೆ, ರಸ್ತೆಯ ಪಕ್ಕದಲ್ಲಿದೆ. ಅದನ್ನು ಮತ್ತೆ ಜಾಲಿಸಲು ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಕ್ಷುದ್ರಗ್ರಹದಷ್ಟೇ ಬಡ ಅದಿರು, ಆದರೂ ಲೆಕ್ಕ ಕೂಡುತ್ತದೆ ಎಂಬ ನಂಬಿಕೆ.

ರಾಜಧನ ಯಾರಿಗೆ?

ಟೇಲರ್ ಕಂಪನಿ ಚಿನ್ನವನ್ನು ಲಂಡನ್ನಿಗೆ ಒಯ್ದಿತು ಎಂಬುದು ನಿಜ. ಆದರೆ ನೆಲ ಮೈಸೂರು ಸಂಸ್ಥಾನದ್ದು. ಹೀಗಾಗಿ ತೆಗೆದ ಚಿನ್ನಕ್ಕೆ ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಶಿವನಸಮುದ್ರದ ಯೋಜನೆಗೆ ಧೈರ್ಯ ಮಾಡಿದ್ದೇ ಗಣಿಗಳು ವಿದ್ಯುತ್ತನ್ನು ಹಣ ಕೊಟ್ಟು ಕೊಳ್ಳುತ್ತವೆ ಎಂಬ ಭರವಸೆಯಿಂದ. ಪಾಲು ಸಣ್ಣದೆಂದು ವಾದಿಸಬಹುದು, ಇರಲಿಲ್ಲ ಎನ್ನಲಾಗದು.

ಕ್ಷುದ್ರಗ್ರಹಕ್ಕೆ ಯಜಮಾನನಿಲ್ಲ. 1967ರ ಅಂತರಿಕ್ಷ ಒಪ್ಪಂದದ ಪ್ರಕಾರ ಯಾವ ದೇಶವೂ ಆಕಾಶಕಾಯವನ್ನು ತನ್ನದೆನ್ನುವಂತಿಲ್ಲ. ಅಲ್ಲಿಂದ ತೆಗೆದ ಲೋಹ ಯಾರದು ಎಂಬುದನ್ನು ಅದು ಬಿಡಿಸಿ ಹೇಳಲಿಲ್ಲ. ಚಂದ್ರ ಮತ್ತಿತರ ಕಾಯಗಳ ಸಂಪತ್ತು ಮನುಕುಲದ ಸಮಾನ ಆಸ್ತಿ ಎಂದ 1979ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಲಿಲ್ಲ. ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ ಅಗೆದವನೇ ಒಡೆಯ ಎಂಬ ಅರ್ಥದ ಕಾನೂನು ಮಾಡಿಕೊಂಡವು. ಭಾರತ 2023ರ ಜೂನ್‌ನಲ್ಲಿ ಅಮೆರಿಕ ಮುಂದಾಳತ್ವದ ಆರ್ಟೆಮಿಸ್ ಒಡಂಬಡಿಕೆಗೆ ಸೇರಿತು.

ಅದಕ್ಕೂ ಎರಡು ತಿಂಗಳ ಮುಂಚೆ ಹೊರಬಂದ ಭಾರತದ ಬಾಹ್ಯಾಕಾಶ ನೀತಿಯಲ್ಲಿ ಕ್ಷುದ್ರಗ್ರಹದ ಹೆಸರನ್ನೇ ಎತ್ತಿ ಹೇಳಿದ ಒಂದು ಕಲಮು ಇದೆ. ಹೆಚ್ಚು ಜನ ಅದನ್ನು ಗಮನಿಸಿದಂತಿಲ್ಲ. ಖಾಸಗಿ ಸಂಸ್ಥೆಗಳು ಕ್ಷುದ್ರಗ್ರಹದ ಸಂಪತ್ತನ್ನು ವಾಣಿಜ್ಯಕ್ಕಾಗಿ ತೆಗೆಯಬಹುದು. ಹಾಗೆ ತೆಗೆದದ್ದನ್ನು ಕಾನೂನಿಗೆ ಮತ್ತು ದೇಶದ ಅಂತರರಾಷ್ಟ್ರೀಯ ಹೊಣೆಗಳಿಗೆ ಒಳಪಟ್ಟು ಇಟ್ಟುಕೊಳ್ಳಲು, ಸಾಗಿಸಲು, ಬಳಸಲು, ಮಾರಲು ಅವು ಹಕ್ಕುದಾರರು ಎಂಬುದು ಅದರ ತಾತ್ಪರ್ಯ. ರಾಜಧನದ ಮಾತು ಆ ಕಲಮಿನಲ್ಲಿ ಇಲ್ಲ.